ಹೊಸೂರು ಸೀಮೆಯ ರಾಜಾಜಿ

1878ರಲ್ಲಿ ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ ಜನಿಸಿದ ಚಕ್ರವರ್ತಿ ರಾಜಗೋಪಾಲಾಚಾರಿಯವರು ನಮ್ಮ ಗಡಿಸೀಮೆಯವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು. ರೈತನ ಕಣಕ್ಕೂ ವರ್ತಕನ ಅಂಗಡಿಗೂ ಸರಕಾರ ಕೈಹಾಕಬಾರದೆಂಬುದು ಅವರ ನಿಲುವು. 1952ರಲ್ಲಿ ಮದರಾಸಿನ ಮುಖ್ಯಮಂತ್ರಿಗಳಾದಾಗ ಧಾನ್ಯದ ಕಂಟ್ರೋಲನ್ನೂ ರೇಷನ್ನನ್ನೂ ತೆಗೆದುಹಾಕಿದರು. 1959ರಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನವು ಸಹಕಾರಿ ಕೂಡುಬೇಸಾಯದ ಠರಾವು ಮಾಡಿತು. ಹೊಲ ರೈತನ ಕೈತಪ್ಪೀತೆಂದು ಎಂಬತ್ತರ ವಯಸ್ಸಿನಲ್ಲಿ ಸ್ವತಂತ್ರ ಪಕ್ಷ ಕಟ್ಟಿದರು! ಲೈಸೆನ್ಸು, ಪರ್ಮಿಟ್ಟುಗಳ ಆಡಳಿತವನ್ನು 1972ರಲ್ಲಿ ತೀರಿಕೊಳ್ಳುವವರೆಗೂ ವಿರೋಧಿಸಿದರು.

ಆದರೆ 1937ರಲ್ಲಿ ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ ತಂದವರೂ, ಆ ಆದಾಯದ ಖೋತಾ ತುಂಬಲು 1939ರಲ್ಲಿ ಮಾರಾಟ ತೆರಿಗೆ ಹಾಕಿದವರೂ ಇವರೇ. ಕುಡಿತ ಬಿಡಿಸಿದ್ದು ನಮಗೆ ಒಪ್ಪಿಗೆ; ತೆರಿಗೆಯ ಮಾತನ್ನು ವರ್ತಕ ಬಂಧುಗಳಿಗೇ ಬಿಡುತ್ತೇವೆ.

ಮನೆಯ ವಿಷಯದಲ್ಲಿ ಅವರು ನಮಗೆ ಇನ್ನೂ ಹತ್ತಿರ. ಕೆಲವು ವರ್ಷ ಕಾಯಿಸಿದರೂ, 1933ರಲ್ಲಿ ಮಗಳು ಲಕ್ಷ್ಮಿಯನ್ನು ಬೇರೆ ಜಾತಿಯ ದೇವದಾಸ ಗಾಂಧಿಯವರಿಗೆ ಧಾರೆಯೆರೆದರು.