ನಡುಗುವ ಕೈಯ ಗುಟ್ಟು ಹಿಡಿದ ಶಾರ್ಕೋ

ಪ್ಯಾರಿಸಿನ ಒಂದು ಮನೆಯಲ್ಲಿ ಪಿಂಗಾಣಿ ತಟ್ಟೆಗಳು ಮೇಲಿಂದ ಮೇಲೆ ಒಡೆಯುತ್ತಿದ್ದವು. ಮನೆಗೆಲಸದ ಹೆಂಗಸಿನ ಕೈ ನಡುಗುತ್ತಿದ್ದುದೇ ಇದಕ್ಕೆ ಕಾರಣ. ಈ ತೊಂದರೆಯಿಂದಾಗಿ ಆಕೆಗೆ ಬೇರೆಲ್ಲೂ ಕೆಲಸ ಸಿಕ್ಕಿರಲಿಲ್ಲ. ವೈದ್ಯಕೀಯ ಓದುತ್ತಿದ್ದ ಆ ಮನೆಯ ಯುವಕ ಮಾತ್ರ ಆಕೆಯನ್ನು ಬಿಡಿಸಲಿಲ್ಲ. ತಟ್ಟೆಗಳಿಗೆ ಎಷ್ಟು ಹಣ ಹೋದರೂ ಸರಿಯೆಂದು ವರ್ಷಗಟ್ಟಲೆ ಆ ನಡುಕವನ್ನು ಗಮನಿಸುತ್ತಾ ಬಂದ. ಆಕೆ ತೀರಿಕೊಂಡ ಮೇಲೆ ಪರೀಕ್ಷಿಸಿದಾಗ ಮೆದುಳು ಮತ್ತು ಬೆನ್ನುಹುರಿಯಲ್ಲಿ ಅಲ್ಲಲ್ಲಿ ಗಟ್ಟಿಯಾದ ಮಚ್ಚೆಗಳು ಕಂಡವು. ಆ ಯುವಕನೇ ಝಾನ್ ಮಾರ್ಟಿನ್ ಶಾರ್ಕೋ. ಈ ಸಂಗತಿಯನ್ನು ಮುಂದೆ 1893ರಲ್ಲಿ ಬರೆದಿಟ್ಟವರು ಅವರ ಶಿಷ್ಯ ಸಿಗ್ಮಂಡ್ ಫ್ರಾಯ್ಡ್.

ಶಾರ್ಕೋ ಹುಟ್ಟಿದ್ದು 1825ರ ನವೆಂಬರ್ 29ರಂದು, ಪ್ಯಾರಿಸಿನಲ್ಲಿ. ತಂದೆ ಕುದುರೆ ಗಾಡಿಗಳನ್ನು ತಯಾರಿಸುತ್ತಿದ್ದರು. ಮಗನಿಗೆ ಚಿತ್ರಕಲೆ ಚೆನ್ನಾಗಿ ಒಲಿದಿತ್ತು. ಕೊನೆಗೆ ಆರಿಸಿಕೊಂಡದ್ದು ವೈದ್ಯಕೀಯವನ್ನು. ಆದರೂ ಚಿತ್ರಕಾರನ ಕಣ್ಣು ಅವರನ್ನು ಬಿಡಲಿಲ್ಲ.

1862ರಲ್ಲಿ ಅವರು ಸಾಲ್ಪೆಟ್ರಿಯೇರ್ ಎಂಬ ದೊಡ್ಡ ಆಸ್ಪತ್ರೆಯ ವೈದ್ಯರಾದರು. ಸಿಡಿಮದ್ದಿಗೆ ಬೇಕಾದ ಪೆಟ್ಲುಪ್ಪಿನಿಂದ ಆ ಜಾಗಕ್ಕೆ ಈ ಹೆಸರು ಬಂದಿತ್ತು. ಅಲ್ಲಿ ಸಾವಿರಾರು ಬಡ ಹೆಂಗಸರಿದ್ದರು. ಹೆಚ್ಚಿನವರು ವಾಸಿಯಾಗದ ಕಾಯಿಲೆಯವರು, ಅಲ್ಲೇ ಬದುಕಿ ಅಲ್ಲೇ ಸಾಯುವವರು. ಹೆಸರು ಮಾಡಬೇಕೆನ್ನುವ ವೈದ್ಯರು ಅಂಥ ಕಡೆ ಹೆಚ್ಚು ಕಾಲ ನಿಲ್ಲುತ್ತಿರಲಿಲ್ಲ. ಶಾರ್ಕೋ ಮಾತ್ರ ಅಲ್ಲೇ ನೆಲೆಯೂರಿದರು. ಗೆಳೆಯ ವುಲ್ಪಿಯನ್ ಜೊತೆ ರೋಗಿಗಳನ್ನು ಒಬ್ಬೊಬ್ಬರನ್ನಾಗಿ ನೋಡಿ, ಕಂಡದ್ದನ್ನೆಲ್ಲ ಬರೆದಿಟ್ಟರು.

ಆ ಕಾಲದಲ್ಲಿ ನಡುಕವೆಂದರೆ ಎಲ್ಲವೂ ಒಂದೇ ಎಂದು ತಿಳಿದಿದ್ದರು. ಶಾರ್ಕೋ ಅದರಲ್ಲಿ ವ್ಯತ್ಯಾಸ ಕಂಡರು. ಕೆಲವರ ಕೈ ಸುಮ್ಮನೆ ತೊಡೆಯ ಮೇಲಿದ್ದಾಗಲೂ ನಡುಗುತ್ತಿತ್ತು. ಇದು ಪಾರ್ಕಿನ್ಸನ್ ಕಾಯಿಲೆ. ಇನ್ನು ಕೆಲವರ ಕೈ ಸುಮ್ಮನಿದ್ದಾಗ ಸರಿಯಾಗಿಯೇ ಇರುತ್ತಿತ್ತು, ನೀರಿನ ಲೋಟ ಹಿಡಿಯಲು ಹೋದರೆ ನಡುಕ ಶುರು! ಲೋಟ ಬಾಯಿಯ ಹತ್ತಿರ ಬಂದಷ್ಟೂ ನಡುಕ ಜೋರಾಗುತ್ತಿತ್ತು. ಇವರ ಕಣ್ಣುಗುಡ್ಡೆಗಳು ಅದುರುತ್ತಿದ್ದವು, ಮಾತು ತುಂಡು ತುಂಡಾಗಿ ಬರುತ್ತಿತ್ತು. ಪಾಠ ಕೇಳಲು ಬಂದವರಿಗೆ ನಡುಕ ದೂರದಿಂದಲೂ ಕಾಣಲೆಂದು ಶಾರ್ಕೋ ರೋಗಿಗಳಿಗೆ ಉದ್ದ ಗರಿಯ ಟೋಪಿ ಹಾಕಿಸುತ್ತಿದ್ದರು. ಗರಿ ಅಲುಗುವ ಬಗೆಯಿಂದಲೇ ಕಾಯಿಲೆ ಗುರುತಿಸಬಹುದಿತ್ತು.

ಮೆದುಳಿನ ಮಚ್ಚೆಗಳನ್ನು ಅವರಿಗಿಂತ ಮೊದಲೇ ಕೆಲವರು ಕಂಡು ಚಿತ್ರ ಬರೆದಿದ್ದರು. ಬದುಕಿದ್ದಾಗ ಕಂಡ ಲಕ್ಷಣಗಳನ್ನು ಆ ಮಚ್ಚೆಗಳೊಂದಿಗೆ ಜೋಡಿಸಿ, ಇದು ಬೇರೆಯೇ ಒಂದು ಕಾಯಿಲೆ ಎಂದು 1868ರಲ್ಲಿ ಸ್ಪಷ್ಟವಾಗಿ ವಿವರಿಸಿದವರು ಶಾರ್ಕೋ. ಈಗ ಅದನ್ನು ಮಲ್ಟಿಪಲ್ ಸ್ಕ್ಲಿರೋಸಿಸ್ ಎನ್ನುತ್ತೇವೆ.

ವಿದ್ಯುತ್ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುವುದನ್ನು ನೀವು ನೋಡಿದ್ದೀರಿ. ನಮ್ಮ ನರತಂತುಗಳಿಗೂ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇದೆ. ಇದರಿಂದ ಮೆದುಳಿನ ಸಂದೇಶ ಬೇಗನೆ ಓಡುತ್ತದೆ. ಮಚ್ಚೆಗಳಿರುವ ಕಡೆ ಈ ಹೊದಿಕೆ ನಾಶವಾಗಿರುವುದನ್ನು ಶಾರ್ಕೋ ಸೂಕ್ಷ್ಮದರ್ಶಕದಲ್ಲಿ ಕಂಡರು. ಆದರೆ ಅದು ಏಕೆ ನಾಶವಾಯಿತು? ಚಳಿ, ತೇವ, ಪೆಟ್ಟು, ದುಃಖ, ಜ್ವರ ಹೀಗೆ ಹಲವು ಕಾರಣಗಳನ್ನು ಅವರು ಊಹಿಸಿದರು. ಕೊಟ್ಟು ನೋಡಿದ ಔಷಧಿಗಳು ಯಾವುವೂ ಫಲಿಸಲಿಲ್ಲ. 1893ರ ಆಗಸ್ಟ್ 16ರಂದು ಪ್ರವಾಸದಲ್ಲಿದ್ದಾಗ ಶಾರ್ಕೋ ತೀರಿಕೊಂಡರು. ಕಾರಣ ಗುಟ್ಟಾಗಿಯೇ ಉಳಿಯಿತು.

ಆ ಗುಟ್ಟು ಬಿಚ್ಚಲು ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ರೋಗಾಣುಗಳೊಡನೆ ಹೋರಾಡುವ ಬಿಳಿ ರಕ್ತಕಣಗಳು ನಮ್ಮ ದೇಹದ ಕಾವಲುಗಾರರು. ಈ ಕಾಯಿಲೆಯಲ್ಲಿ ಅವು ದಾರಿ ತಪ್ಪಿ ಮೆದುಳಿಗೆ ನುಗ್ಗಿ, ನಮ್ಮದೇ ಮಯಲಿನ್ ಹೊದಿಕೆಯನ್ನು ಶತ್ರುವೆಂದು ಭಾವಿಸಿ ಹಾಳುಮಾಡುತ್ತವೆ.

ಹಾಗಾದರೆ ಎಲ್ಲರಿಗೂ ಏಕೆ ಬರುವುದಿಲ್ಲ? ಇಲ್ಲಿ ವಂಶವಾಹಿಗಳ ಪಾತ್ರವಿದೆ. ನಮ್ಮ ಜೀವಕೋಶಗಳು ರೋಗಾಣುವಿನ ಚೂರನ್ನು ಎತ್ತಿ ಹಿಡಿದು ಕಾವಲುಗಾರ ಕಣಗಳಿಗೆ ತೋರಿಸುತ್ತವೆ. ಆ ಕೆಲಸಕ್ಕೆ ಬೇಕಾದ ವಂಶವಾಹಿಗಳ ಗುಂಪಿಗೆ ಎಚ್ಎಲ್ಎ ಎಂದು ಹೆಸರು. ಅದರ ಒಂದು ಬಗೆ ಇರುವವರಲ್ಲಿ ಈ ಕಾಯಿಲೆಯ ಸಾಧ್ಯತೆ ಸುಮಾರು 3 ಪಟ್ಟು ಹೆಚ್ಚು. ಇಂಥ ಸಣ್ಣ ಪುಟ್ಟ ವ್ಯತ್ಯಾಸಗಳು 200ಕ್ಕೂ ಹೆಚ್ಚಿವೆ ಎಂದು 2019ರ ವೇಳೆಗೆ ತಿಳಿದುಬಂತು. ಆದರೂ ಇದು ತಂದೆತಾಯಿಯಿಂದ ನೇರವಾಗಿ ಬರುವ ಕಾಯಿಲೆಯಲ್ಲ. ವಂಶವಾಹಿಗಳು ಒಂದೇ ಆಗಿರುವ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದರೂ, ಇನ್ನೊಬ್ಬರಿಗೆ ಬರುವುದು ಸುಮಾರು ನಾಲ್ಕು ಜೋಡಿಗಳಲ್ಲಿ ಒಂದರಲ್ಲಿ ಮಾತ್ರ.

ಎಂದಮೇಲೆ ಹೊರಗಿನಿಂದಲೂ ಏನೋ ಸೇರಬೇಕು. ಅಮೆರಿಕದ 1 ಕೋಟಿಗೂ ಹೆಚ್ಚು ಸೈನಿಕರ ದಾಖಲೆಗಳನ್ನು ಪರಿಶೀಲಿಸಿದ ವಿಜ್ಞಾನಿಗಳು 2022ರಲ್ಲಿ ಅದರ ಸುಳಿವು ಕೊಟ್ಟರು. ಎಪ್‌ಸ್ಟೀನ್ ಬಾರ್ ಎಂಬ ವೈರಸ್ ತಗುಲಿದ ಮೇಲೆ ಕಾಯಿಲೆಯ ಸಾಧ್ಯತೆ 32 ಪಟ್ಟು ಏರಿತ್ತು! ಈ ವೈರಸ್ಸಿನ ಒಂದು ಪ್ರೋಟೀನಿನ ತುಣುಕು ನಮ್ಮ ನರಮಂಡಲದ ಪ್ರೋಟೀನನ್ನು ಹೋಲುತ್ತದೆ. ಕಾವಲುಗಾರ ಕಣಗಳು ಮೋಸಹೋಗುವುದು ಇಲ್ಲಿಯೇ ಇರಬಹುದು. ಹಾಗೆಂದು ಹೆದರಬೇಡಿ. ಈ ವೈರಸ್ ಪ್ರಪಂಚದ ಹೆಚ್ಚಿನವರ ದೇಹದಲ್ಲಿದೆ, ಕಾಯಿಲೆ ಬರುವುದು ಕೆಲವರಿಗಷ್ಟೇ. ರೋಗಿಯನ್ನು ಮುಟ್ಟಿದರೆ, ಜೊತೆಯಲ್ಲಿ ಉಂಡರೆ ಈ ಕಾಯಿಲೆ ಅಂಟುವುದಿಲ್ಲ.

ಶಾರ್ಕೋ ತೀರಿಕೊಂಡು ಸರಿಯಾಗಿ ನೂರು ವರ್ಷಗಳ ನಂತರ, 1993ರಲ್ಲಿ, ಈ ಕಾಯಿಲೆ ಮತ್ತೆ ಮತ್ತೆ ಕೆರಳುವುದನ್ನು ಕಡಿಮೆ ಮಾಡುವ ಇಂಟರ್‌ಫೆರಾನ್ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆಮೇಲೆ ಇನ್ನೂ ಒಳ್ಳೆಯ ಔಷಧಿಗಳು ಬಂದಿವೆ. ಪೂರ್ತಿ ವಾಸಿ ಮಾಡುವ ಔಷಧಿ ಇನ್ನೂ ಸಿಕ್ಕಿಲ್ಲ. ರೋಗಿಯನ್ನು ಪರೀಕ್ಷಿಸುವ ವೈದ್ಯರು ಈಗಲೂ ತೋರುಬೆರಳಿನಿಂದ ಮೂಗಿನ ತುದಿ ಮುಟ್ಟಲು ಹೇಳುತ್ತಾರೆ, ಬೆರಳು ಮೂಗಿನ ಬಳಿ ಬರುವಾಗ ನಡುಗುತ್ತದೆಯೇ ಎಂದು ನೋಡುತ್ತಾರೆ.