ಕಿಟ್ಟದಿಂದ ರಸ್ತೆ ಮಾಡಿದ ಹೂಲಿ

ಚಂದಕವಾಡಿಯಿಂದ ಚಾಮರಾಜನಗರಕ್ಕೆ ಬಸ್ಸಲ್ಲಿ ಓಡಾಡೋ ನಾವೆಲ್ಲ ಟಾರ್ ರೋಡು ಅಂತೀವಿ. ಈ ಟಾರ್ ರೋಡಿನ ಕಥೆಯಲ್ಲಿ ಮರೆಯಬಾರದ ಹೆಸರು ಎಡ್ಗರ್ ಪರ್ನೆಲ್ ಹೂಲಿ. ಬೆಳಗಾವಿ ಜಿಲ್ಲೆಯ ಹೂಲಿಗೂ ಇವರಿಗೂ ಸಂಬಂಧ ಇಲ್ಲ! ಇವರು ಹುಟ್ಟಿದ್ದು 1860ರಲ್ಲಿ, ವೇಲ್ಸ್‌ನ ಸ್ವಾನ್ಸೀಯಲ್ಲಿ. ನಮ್ಮ ಸರ್ ಎಂ.ವಿ. ಅವರ ಕಾಲದವರೇ.

ಹೂಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್ ಕೌಂಟಿಯ ಸರ್ವೇಯರ್ ಆಗಿದ್ದರು. ರಸ್ತೆಗಳನ್ನು ನೋಡಿಕೊಳ್ಳೋದು ಅವರ ಕೆಲಸ. ಆಗಿನ ರಸ್ತೆಗಳು ಮೆಕಾಡಮ್ ತೋರಿಸಿಕೊಟ್ಟಂತೆ ಬರೀ ಜಲ್ಲಿ ಹರಡಿ ಒತ್ತಿದವು. ಕುದುರೆಗಾಡಿಗೆ ಸಾಕಾಗಿತ್ತು. ಮೋಟಾರು ಕಾರು ಬಂದಮೇಲೆ ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಕೆಸರು.

1901ರಲ್ಲಿ ಹೂಲಿ ಡೆನ್‌ಬಿ ಎಂಬಲ್ಲಿನ ಕಬ್ಬಿಣದ ಕಾರ್ಖಾನೆ ಹತ್ತಿರ ಹೋಗುತ್ತಿದ್ದಾಗ ಒಂದು ಕಡೆ ರಸ್ತೆ ನುಣ್ಣಗಿತ್ತಂತೆ. ಧೂಳೂ ಇಲ್ಲ. ವಿಚಾರಿಸಿದಾಗ ತಿಳಿದದ್ದು: ಟಾರಿನ ಪೀಪಾಯಿ ಬಿದ್ದು ಒಡೆದಿತ್ತು, ಅಂಟನ್ನು ಮುಚ್ಚಲು ಯಾರೋ ಕುಲುಮೆಯ ಕಿಟ್ಟ, ಅಂದರೆ ಸ್ಲ್ಯಾಗ್, ಸುರಿದಿದ್ದರು. ಟಾರು ಕಲ್ಲಿದ್ದಲಿನಿಂದ ಗ್ಯಾಸ್ ತೆಗೆದಮೇಲೆ ಉಳಿಯೋದು, ಕಿಟ್ಟ ಕಬ್ಬಿಣ ತೆಗೆದಮೇಲೆ ಉಳಿಯೋದು. ಎರಡೂ ಉಳಿಕೆಯೇ!

ರಸ್ತೆಗೆ ಟಾರು ಹಾಕುವುದು ಅದಕ್ಕೂ ಮುಂಚೆಯೇ ಇತ್ತು. ಹೂಲಿ ಮಾಡಿದ್ದು ಬೇರೆ. ಕಿಟ್ಟವನ್ನೂ ಟಾರನ್ನೂ ಮೊದಲೇ ಯಂತ್ರದಲ್ಲಿ ಕಲಸಿ, ಆಮೇಲೆ ಹರಡಿ ರೋಲರ್ ಓಡಿಸುವ ವಿಧಾನಕ್ಕೆ 1902ರಲ್ಲಿ ಪೇಟೆಂಟ್ ತೆಗೆದುಕೊಂಡರು. ಅದೇ ಟಾರ್‌ಮ್ಯಾಕ್. ನಾಟಿಂಗ್‌ಹ್ಯಾಮ್‌ನ ರ‍್ಯಾಡ್‌ಕ್ಲಿಫ್ ರಸ್ತೆಯಲ್ಲಿ ಸುಮಾರು 8 ಕಿ.ಮೀ. ಹಾಸಿದರು. 1903ರಲ್ಲಿ ಕಂಪನಿ ಕಟ್ಟಿದರು, ವ್ಯಾಪಾರ ಕುದುರಲಿಲ್ಲ. ಕಿಟ್ಟದ ರಾಶಿಯನ್ನೇ ಇಟ್ಟುಕೊಂಡಿದ್ದ ಉಕ್ಕಿನ ಉದ್ಯಮಿ ಆಲ್‌ಫ್ರೆಡ್ ಹಿಕ್‌ಮನ್ ಅದನ್ನು ಕೊಂಡು 1905ರಲ್ಲಿ ಮತ್ತೆ ಶುರುಮಾಡಿದರು. ಕಂಪನಿ ಬೆಳೆಯಿತು, ಆದರೆ ಅದು ಹೂಲಿಯವರ ಕೈಯಲ್ಲಿರಲಿಲ್ಲ. 1942ರಲ್ಲಿ ಅವರು ತೀರಿಕೊಂಡರು.

ಕಲ್ಲಿದ್ದಲ ಟಾರು ಕ್ಯಾನ್ಸರ್ ತರುತ್ತದೆ ಅಂತ ಗೊತ್ತಾದಮೇಲೆ ರಸ್ತೆಗೆ ಅದನ್ನು ಬಿಡುತ್ತಾ ಬಂದರು. ಈಗ ನಾವು ಟಾರು ಅನ್ನೋದು ಕಚ್ಚಾ ತೈಲ ಶುದ್ಧೀಕರಿಸಿದಾಗ ಉಳಿಯುವ ಬಿಟುಮೆನ್. ಹೆಸರು ಮಾತ್ರ ಹಳೆಯದು. ಹಾಗಾಗಿ ಬಿಸಾಡೋದನ್ನೆಲ್ಲ ರಸ್ತೆಗೆ ಸುರಿದರೆ ಆಗಲ್ಲ. ಮದುರೈನ ಪ್ರೊ. ವಾಸುದೇವನ್ ಅವರ ವಿಧಾನದಲ್ಲಿ ಚೂರುಮಾಡಿದ ಪ್ಲಾಸ್ಟಿಕ್ಕನ್ನು ಸುಮಾರು 160 ಡಿಗ್ರಿಗೆ ಕಾದ ಜಲ್ಲಿಗೆ ಹಾಕುತ್ತಾರೆ. ಅದು ಕರಗಿ ಕಲ್ಲಿಗೆ ಪದರವಾಗಿ ಅಂಟುತ್ತದೆ, ಆಮೇಲೆ ಬಿಟುಮೆನ್. ನೀರು ನುಗ್ಗಿ ಜಲ್ಲಿ ಕಿತ್ತುಬರೋದು ಕಡಿಮೆಯಾಗುತ್ತದೆ. ಆದರೆ ಪಿವಿಸಿ ಹಾಕುವಂತಿಲ್ಲ, ಬಿಸಿಯಾದರೆ ವಿಷಾನಿಲ ಬರುತ್ತದೆ.

ನಮ್ಮ ಜಿಲ್ಲೆ ಕರಿಕಲ್ಲಿಗೆ ಹೆಸರುವಾಸಿ. ಒಳ್ಳೆ ಕಲ್ಲು ಲಾರಿ ಹತ್ತುತ್ತದೆ, ಒಡಕು ಕಲ್ಲು ಕ್ವಾರಿಯಲ್ಲೇ ಗುಡ್ಡೆ ಬೀಳುತ್ತದೆ. ಅದನ್ನು ಜಲ್ಲಿ ಮಾಡಿದರೆ ಎಷ್ಟು ಪೆಟ್ಟು ತಡೆಯುತ್ತೆ, ಎಷ್ಟು ಸವೆಯುತ್ತೆ, ಬಿಟುಮೆನ್ ಎಷ್ಟು ಗಟ್ಟಿಯಾಗಿ ಹಿಡಿಯುತ್ತೆ? ಮೂರಕ್ಕೂ ಲ್ಯಾಬಲ್ಲಿ ಪರೀಕ್ಷೆ ಇದೆ. ಸಿವಿಲ್‌ನ ಗೆಳೆಯರೇ, ಮಿನಿ ಪ್ರಾಜೆಕ್ಟ್ ಹುಡುಕುತ್ತಿದ್ದರೆ ಒಂದು ಚೀಲ ಕಲ್ಲು ತಂದು ನೋಡೋಣ.