ಲೆಕ್ಕವಿಟ್ಟು ಕೊಟ್ಟ ಜಾನ್ ವೆಸ್ಲಿ

ಹದಿನೆಂಟನೆಯ ಶತಮಾನದ ಇಂಗ್ಲೆಂಡ್. ಆಕ್ಸ್‌ಫರ್ಡ್‌ನ ಒಂದು ಚಳಿಗಾಲ. ಜಾನ್ ವೆಸ್ಲಿ ಎಂಬ ಯುವ ಪಾದ್ರಿ ತನ್ನ ಕೋಣೆಯ ಗೋಡೆಗೆಂದು ಕೆಲವು ಚಿತ್ರಗಳನ್ನು ಆಗಷ್ಟೇ ಕೊಂಡಿದ್ದ. ಅವನೂ ಗೆಳೆಯರೂ ಸೇರಿ ಓದಿಸುತ್ತಿದ್ದ ಬಡ ಹುಡುಗಿಯೊಬ್ಬಳು ಬಾಗಿಲಿಗೆ ಬಂದಳು. ಮೈಮೇಲೆ ತೆಳುವಾದ ಒಂದೇ ಉಡುಪು. ಏನಾದರೂ ಕೊಡೋಣವೆಂದು ಕಿಸೆಗೆ ಕೈಹಾಕಿದರೆ ಅಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಅವಳ ಚಳಿ ಕಳೆಯಬಹುದಾಗಿದ್ದ ಹಣ ಗೋಡೆಯ ಮೇಲೆ ನೇತಾಡುತ್ತಿತ್ತು. ಮುಪ್ಪಿನಲ್ಲೂ ವೆಸ್ಲಿ ಇದನ್ನು ಮರೆಯಲಿಲ್ಲ. ತನ್ನ ಪ್ರವಚನದಲ್ಲಿ ತನ್ನದೇ ತಪ್ಪೆಂದು ಹೇಳಿಕೊಂಡ.

ಮೈಸೂರಿನ ವೆಸ್ಲಿಯನ್ ಮಿಷನ್ ಪ್ರೆಸ್‌ನಲ್ಲಿ ಅಚ್ಚಾದ ಹಳೆಯ ಕನ್ನಡ ಪುಸ್ತಕಗಳನ್ನು ಕಂಡವರಿಗೆ ಈ ಹೆಸರು ಪರಿಚಿತ. ಮೆಥಡಿಸ್ಟ್ ಪಂಥದ ಪ್ರವರ್ತಕ, ಕುದುರೆಯೇರಿ ಊರೂರು ಸುತ್ತಿ ಬಯಲಿನಲ್ಲಿ ಉಪದೇಶ ಮಾಡಿದವ ಎಂಬಷ್ಟು ಹಲವರಿಗೆ ಗೊತ್ತು. ಹಣದೊಂದಿಗೆ ಆತ ಜೀವಮಾನವಿಡೀ ನಡೆಸಿದ ಜಗಳದ ಬಗ್ಗೆ ತಿಳಿದವರು ಕಡಿಮೆ.

ವೆಸ್ಲಿ ಹುಟ್ಟಿದ್ದು 1703ರಲ್ಲಿ, ಲಿಂಕನ್‌ಶೈರ್‌ನ ಎಪ್‌ವರ್ತ್ ಎಂಬ ಊರಿನಲ್ಲಿ. ತಂದೆ ಸ್ಯಾಮ್ಯುಯೆಲ್ ಅಲ್ಲಿನ ಪಾದ್ರಿ, ಮಕ್ಕಳೊಂದಿಗನ, ಸಾಲಗಾರ. ಜಾನ್ ಎರಡು ವರ್ಷದ ಕೂಸಾಗಿದ್ದಾಗ, 1705ರಲ್ಲಿ, ಸಾಲ ತೀರಿಸಲಾಗದೆ ತಂದೆ ಲಿಂಕನ್ ಕೋಟೆಯ ಸೆರೆಮನೆ ಸೇರಿದ. ಇಂಥ ಮನೆಯಿಂದ ಬಂದವನು ಕಾಸಿಗೆ ಕಾಸು ಗಂಟುಹಾಕಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಆದದ್ದೇ ಬೇರೆ. ಆಕ್ಸ್‌ಫರ್ಡ್‌ನ ಯುವಕನೊಬ್ಬ ವರ್ಷಕ್ಕೆ 30 ಪೌಂಡ್ ಬಂದಾಗ 28ರಲ್ಲಿ ಬದುಕಿ 2 ಪೌಂಡ್ ದಾನ ಮಾಡಿದನೆಂದೂ, ಮರುವರ್ಷ 60 ಬಂದಾಗಲೂ 28ರಲ್ಲೇ ಬದುಕಿ 32 ಕೊಟ್ಟನೆಂದೂ, ವರಮಾನ 90, 120 ಆದಾಗಲೂ ತನ್ನ ಖರ್ಚನ್ನು ಹೆಚ್ಚಿಸಲಿಲ್ಲವೆಂದೂ ಆತ ಒಂದು ಪ್ರವಚನದಲ್ಲಿ ಹೇಳಿದ್ದಾನೆ. ಹೆಸರು ಹೇಳದಿದ್ದರೂ ಆ ಯುವಕ ವೆಸ್ಲಿಯೇ ಎಂಬುದು ಸಾಮಾನ್ಯ ನಂಬಿಕೆ.

ಹಣದ ವಿನಿಯೋಗವನ್ನು ಕುರಿತ ಆತನ ಪ್ರಸಿದ್ಧ ಪ್ರವಚನ 1760ರಲ್ಲಿ ಅಚ್ಚಾಯಿತು. ಅದಕ್ಕೆ ಆಧಾರ ಲೂಕನ ಸುವಾರ್ತೆಯಲ್ಲಿ ಬರುವ ಮನೆವಾರ್ತೆಯವನ ಸಾಮ್ಯ. ಮನೆವಾರ್ತೆಯವನು ಧಣಿಯ ಆಸ್ತಿಯನ್ನು ನೋಡಿಕೊಳ್ಳುವವನೇ ಹೊರತು ಒಡೆಯನಲ್ಲ. ಒಂದು ದಿನ ಲೆಕ್ಕ ಒಪ್ಪಿಸಬೇಕಾದವನು. ಮನುಷ್ಯನ ಕೈಲಿರುವ ಹಣವೂ ಹಾಗೆಯೇ ಎಂಬ ನೆಲೆಯಿಂದ ವೆಸ್ಲಿ ಮೂರು ಸೂತ್ರಗಳನ್ನು ಹೇಳಿದ: ಆದಷ್ಟು ಗಳಿಸು, ಆದಷ್ಟು ಉಳಿಸು, ಆದಷ್ಟು ಕೊಡು. ಮೊದಲ ಸೂತ್ರವನ್ನು ಕೇಳಿ ಹಿಗ್ಗಿದ ವರ್ತಕರು ಅದರ ಷರತ್ತುಗಳನ್ನು ಬಹುಶಃ ಗಮನವಿಟ್ಟು ಕೇಳಲಿಲ್ಲ. ಮೈ ಕೆಡಿಸಿಕೊಂಡು ಗಳಿಸಬಾರದು. ನೆರೆಯವನ ವ್ಯಾಪಾರ ಮುರಿಯಲೆಂದು ಪೇಟೆ ದರಕ್ಕಿಂತ ಕಡಿಮೆಗೆ ಮಾರಬಾರದು. ಗಿರವಿ ಅಂಗಡಿ, ಮದ್ಯದ ಮಾರಾಟ ಕೂಡದು. ಗುಲಾಮರ ವ್ಯಾಪಾರದಿಂದ ಬ್ರಿಸ್ಟಲ್‌ನಂತಹ ಬಂದರುಗಳು ಕೊಬ್ಬುತ್ತಿದ್ದ ಕಾಲದಲ್ಲಿ, 1774ರಲ್ಲಿ, ಆ ಹಣಕ್ಕೆ ರಕ್ತ ಅಂಟಿದೆ ಎಂದು ಆತ ಪುಸ್ತಿಕೆಯನ್ನೇ ಬರೆದ. ಇನ್ನು ಕೊಡುವ ವಿಷಯದಲ್ಲಿ ದಶಮಾಂಶಕ್ಕೆ ಆತ ನಿಲ್ಲಲಿಲ್ಲ. ತನ್ನ ಮತ್ತು ತನ್ನ ಮನೆಯವರ ಅಗತ್ಯ ಕಳೆದು ಮಿಕ್ಕಿದ್ದೆಲ್ಲ ಬಡವರದು ಎಂಬುದು ಆತನ ಖಚಿತ ನಿಲುವು.

ಕೊಡುವುದರಲ್ಲೂ ವೆಸ್ಲಿಗೆ ಲೆಕ್ಕವಿತ್ತು. ಲಂಡನ್‌ನಲ್ಲಿ ಫಿರಂಗಿ ಎರಕ ಹೊಯ್ಯುತ್ತಿದ್ದ ಹಳೆಯ ಕಟ್ಟಡವೊಂದನ್ನು ಪ್ರಾರ್ಥನಾ ಮಂದಿರವಾಗಿಸಿ, ಅಲ್ಲೇ 1746ರಲ್ಲಿ ಬಡವರಿಗೆ ಔಷಧಾಲಯ ತೆರೆದ. ಅದೇ ವರ್ಷ ಸಾಲನಿಧಿಯೊಂದನ್ನೂ ಆರಂಭಿಸಿದ. ಒಬ್ಬರಿಗೆ 20 ಷಿಲಿಂಗ್. ವಾರವಾರ ಕಟ್ಟಿ ಮೂರು ತಿಂಗಳಲ್ಲಿ ತೀರಿಸಬೇಕು. 30 ಪೌಂಡ್ 16 ಷಿಲಿಂಗ್‌ಗಳ ಮೂಲಧನದಿಂದ ಹದಿನೆಂಟು ತಿಂಗಳಲ್ಲಿ 255 ಜನರಿಗೆ ನೆರವಾಯಿತೆಂದು ಆತನ ದಿನಚರಿ ಹೇಳುತ್ತದೆ. ಸ್ವಸಹಾಯ ಸಂಘಗಳ ಕಿರುಸಾಲವನ್ನು ಬಲ್ಲ ನಮಗೆ ಈ ಕ್ರಮ ಹೊಸದಾಗಿ ಕಾಣದು.

ಮುಂದೆ ಈ ನಿಧಿಯಿಂದ 5 ಪೌಂಡ್ ಪಡೆದವರಲ್ಲಿ ಜೇಮ್ಸ್ ಲ್ಯಾಕಿಂಗ್‌ಟನ್ ಎಂಬ ಚಮ್ಮಾರನಿದ್ದ. ಆ ಹಣದಿಂದ ಪುಸ್ತಕದಂಗಡಿಯನ್ನು ಬೆಳೆಸಿ, ಲಂಡನ್‌ನ ಅತಿ ದೊಡ್ಡ ಪುಸ್ತಕ ವ್ಯಾಪಾರಿಗಳಲ್ಲಿ ಒಬ್ಬನಾದ. ಮೆಥಡಿಸ್ಟರನ್ನು ತೊರೆದು, 1791ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಅವರನ್ನು ಗೇಲಿಯನ್ನೂ ಮಾಡಿದ. ಮುಪ್ಪಿನಲ್ಲಿ ಪಶ್ಚಾತ್ತಾಪಪಟ್ಟು ಪ್ರಾರ್ಥನಾ ಮಂದಿರಗಳನ್ನು ಕಟ್ಟಿಸಿದನೆನ್ನಿ. ಅದನ್ನು ನೋಡಲು ವೆಸ್ಲಿ ಬದುಕಿರಲಿಲ್ಲ.

ವೆಸ್ಲಿಯ ಮುಪ್ಪನ್ನು ಕಾಡಿದ್ದು ಇದೇ ಸಂಕಟ. ಆತನ ಮಾತು ಕೇಳಿ ಜನ ಕುಡಿತ ಬಿಟ್ಟರು, ದುಡಿದರು, ಮಿತವ್ಯಯ ಕಲಿತರು. ಸಹಜವಾಗಿಯೇ ಕೈಯಲ್ಲಿ ಹಣ ನಿಂತಿತು. ಹಣದೊಂದಿಗೆ ಗರ್ವವೂ ಲೋಕದ ಮೋಹವೂ ಬಂದು ಭಕ್ತಿ ಬಡವಾಯಿತು. ಧರ್ಮವು ದುಡಿಮೆಯನ್ನೂ ದುಡಿಮೆಯು ಸಂಪತ್ತನ್ನೂ ಹುಟ್ಟಿಸಿದರೆ, ಆ ಸಂಪತ್ತೇ ಧರ್ಮವನ್ನು ತಿನ್ನುತ್ತದಲ್ಲ ಎಂದು 1786ರಲ್ಲಿ ಆತ ಬರೆದುಕೊಂಡ. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಬಂಡವಾಳಶಾಹಿಯ ಹುಟ್ಟನ್ನು ಶೋಧಿಸುವಾಗ ಈ ಮಾತುಗಳನ್ನೇ ಎತ್ತಿಕೊಂಡ. ಆದರೆ ವೆಸ್ಲಿಗೆ ಅದು ಶಾಸ್ತ್ರಚರ್ಚೆಯಾಗಿರಲಿಲ್ಲ. ತಾನು ಕಟ್ಟಿದ ಮನೆಯನ್ನೇ ಗೆದ್ದಲು ಹಿಡಿಯುತ್ತಿರುವುದನ್ನು ಕಾಣುವ ನೋವಾಗಿತ್ತು. ಎರಡು ಸೂತ್ರಗಳನ್ನು ಪಾಲಿಸಿದ ಬಹಳ ಮಂದಿ ಮೂರನೆಯದನ್ನು ಕೈಬಿಟ್ಟರೆಂದು ಕಡೆಗಾಲದ ಪ್ರವಚನಗಳಲ್ಲಿ ಮತ್ತೆ ಮತ್ತೆ ಗದರಿದ. ಆ ಗದರಿಕೆ ಕೆಲವೊಮ್ಮೆ ನಿಷ್ಠುರವೆನಿಸುತ್ತದೆ. ಮಕ್ಕಳಿಲ್ಲದ, ಸದಾ ಪಯಣದಲ್ಲಿದ್ದ ಮನುಷ್ಯ ಸಂಸಾರಸ್ಥರ ನಾಳಿನ ಅಂಜಿಕೆಯನ್ನು ಪೂರ್ತಿ ಬಲ್ಲವನಾಗಿದ್ದನೇ ಎಂಬ ಸಂದೇಹ ಈ ಲೇಖಕನಿಗಿದೆ.

ಆದರೆ ತಾನು ಮಾಡದ್ದನ್ನು ಆತ ಪರರಿಗೆ ಹೇಳಲಿಲ್ಲ. ಬೆಳ್ಳಿ ಪಾತ್ರೆಗಳ ಮೇಲೆ ತೆರಿಗೆ ವಿಧಿಸುವ ಅಧಿಕಾರಿಗಳು 1776ರಲ್ಲಿ ಲೆಕ್ಕ ಕೇಳಿದಾಗ, ಲಂಡನ್ನಿನಲ್ಲಿ ಎರಡು, ಬ್ರಿಸ್ಟಲ್‌ನಲ್ಲಿ ಎರಡು ಬೆಳ್ಳಿ ಚಮಚಗಳಿವೆ, ಸುತ್ತ ಇಷ್ಟು ಜನ ರೊಟ್ಟಿಗೆ ಪರದಾಡುತ್ತಿರುವಾಗ ಇನ್ನಷ್ಟು ಕೊಳ್ಳಲಾರೆ ಎಂದು ಉತ್ತರಿಸಿದ. ಪುಸ್ತಕಗಳ ಮಾರಾಟದಿಂದ ಬಂದ ದೊಡ್ಡ ಮೊತ್ತವೂ ಆತನ ಕೈಯಲ್ಲಿ ನಿಲ್ಲಲಿಲ್ಲ. 1785ರ ಜನವರಿಯಲ್ಲಿ, 81ರ ವಯಸ್ಸಿನಲ್ಲಿ, ಬಡವರ ಬಟ್ಟೆಗೆಂದು ಲಂಡನ್ನಿನ ಬೀದಿಗಳಲ್ಲಿ ಮನೆಮನೆಗೆ ನಡೆದು 200 ಪೌಂಡ್ ಬೇಡಿ ತಂದ. ಕರಗುವ ಹಿಮ ಪಾದ ಮುಳುಗುವಷ್ಟಿತ್ತು. ಬೆಳಗಿನಿಂದ ಸಂಜೆಯವರೆಗೆ ಕಾಲು ಆ ನೀರಿನಲ್ಲೇ ನೆನೆದಿತ್ತು.

ಎಷ್ಟೋ ದಶಕ ಬರೆದುಕೊಂಡು ಬಂದ ಖರ್ಚಿನ ಲೆಕ್ಕವನ್ನು ವೆಸ್ಲಿ 1790ರ ಜುಲೈನಲ್ಲಿ ನಿಲ್ಲಿಸಿದ. ಕೈ ನಡುಗುತ್ತಿತ್ತು, ಉಳಿಸುವಷ್ಟು ಉಳಿಸಿ, ಇದ್ದುದನ್ನೆಲ್ಲ ಕೊಡುತ್ತಿದ್ದೇನೆಂಬ ಸಮಾಧಾನವೇ ಸಾಕೆಂದುಕೊಂಡ. 1791ರ ಮಾರ್ಚ್ 2ರಂದು ತೀರಿಕೊಂಡ. ಶವಯಾತ್ರೆಗೆ ಸಾರೋಟು, ಆಡಂಬರ ಬೇಡವೆಂದು ಉಯಿಲಿನಲ್ಲಿ ಬರೆದಿಟ್ಟಿದ್ದ. ಕಿಸೆಯಲ್ಲೂ ಮೇಜಿನ ಖಾನೆಯಲ್ಲೂ ಉಳಿದ ಹಣ ನಾಲ್ವರು ಸಂಚಾರಿ ಬೋಧಕರಿಗೆ. ಪೆಟ್ಟಿಗೆ ಹೊರುವ ಆರು ಮಂದಿ ಬಡವರಿಗೆ ತಲಾ 20 ಷಿಲಿಂಗ್.